ಮೊಟ್ಟೆ ಕೋಳಿ ಹೊಸ ಫೀಡ್ ಮುಟ್ತಿಲ್ವಾ? ಮೊದಲು ಫೀಡರ್ ತಳ ನೋಡಿ

ಈ ಸಲ ಯುಗಾದಿ ಹೊಸತೊಡಕು ಮುಗಿದ ಮಾರನೇ ಬೆಳಗ್ಗೆ, ನಾನೇ ಲೆಕ್ಕ ಹಾಕಿ ಮಿಲ್ ಮಾಡಿಸಿದ ಹೊಸ ಫೀಡನ್ನು ನಮ್ಮ 120 ಹೇಂಟೆಗಳ ಮುಂದೆ ಸುರಿದೆ. ಹಿಂದಿನ ಸಂಜೆವರೆಗೂ ಅವು ತಿಂತಿದ್ದದ್ದು ಅಂಗಡಿಯಿಂದ ತಂದ ಲೇಯರ್ ಕ್ರಂಬಲ್ಸ್. ಬಾಗಿಲು ತೆಗೆದ ತಕ್ಷಣ ಎಂದಿನಂತೆ ಓಡಿ ಬಂದವು, ಫೀಡರ್‌ಗೆ ತಲೆ ಹಾಕಿದವು, ಒಂದೆರಡು ಸಲ ಕುಕ್ಕಿದವು, ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡವು. ಆಮೇಲೆ ತೋಟದ ಕಡೆ ಹೊರಟೇಹೋದವು.

ಅತ್ತೆ ನೋಡ್ತಾ ನಿಂತಿದ್ರು. “ತಿಂತಾನೇ ಇಲ್ವಲ್ಲವ್ವ” ಅಂದ್ರು.

“ಹಸಿವಾದ್ರೆ ತಾವೇ ತಿಂತವೆ ಬಿಡಿ ಅತ್ತೆ” ಅಂದೆ.

ಆ ಒಂದು ಮಾತಿಗೆ ಬಿದ್ದ ದಂಡ ಸುಮಾರು 14 ಸಾವಿರ ರೂಪಾಯಿ. ಒಂದು ಹೇಂಟೆಯೂ ಸತ್ತಿತು. ಈಗ ಅದೇ ಕೋಳಿಗಳು ಅದೇ ಸಾಮಾನಿನ ಫೀಡನ್ನು ತಳ ಕಾಣುವ ಹಾಗೆ ತಿಂತಿವೆ. ನಡುವೆ ಏನೇನಾಯ್ತು ಅಂತ ಬರೀತಿದ್ದೀನಿ. ಅಂಗಡಿ ಫೀಡ್ ಬಿಟ್ಟು ಮನೆ ಫೀಡ್‌ಗೆ ಬರಬೇಕು ಅನ್ನೋರು, ಅಥವಾ ಒಂದು ಕಂಪನಿ ಚೀಲದಿಂದ ಇನ್ನೊಂದಕ್ಕೆ ಹೋಗಬೇಕು ಅನ್ನೋರು ಓದಿ ನೋಡಿ.

ನಾವು ಫೀಡ್ ಬದಲಾಯಿಸಿದ್ದು ಯಾಕೆ

ನಾನು ಓದಿದ್ದು ತೋಟಗಾರಿಕೆ, ಮೂಡಿಗೆರೆ ಕಾಲೇಜಿನಲ್ಲಿ. ಏಳು ವರ್ಷದಿಂದ ತಿಪಟೂರು ಕಡೆ ಮನೆಯವರ ತೆಂಗಿನ ತೋಟವನ್ನು ಸಾವಯವಕ್ಕೆ ತಿರುಗಿಸಿಕೊಂಡು ಕೂತಿದ್ದೀನಿ. ಕೋಳಿ ಬಂದಿದ್ದೂ ತೋಟಕ್ಕೋಸ್ಕರವೇ. ಗೊಬ್ಬರ ಸಿಗುತ್ತೆ, ಬುಡದ ಹುಲ್ಲು ಹತೋಟಿಗೆ ಬರುತ್ತೆ, ತಿಪ್ಪೆ ಕೆದಕಿ ಕುರುವಾಯಿ ಕೀಟದ ದಪ್ಪ ದಪ್ಪ ಹುಳಗಳನ್ನ ಹೆಕ್ಕಿ ತಿಂತವೆ. ಮೊಟ್ಟೆ ಮಾತ್ರ ಅತ್ತೆಯ ಇಲಾಖೆ. ಪೇಟೆಯ 22 ಮನೆಗೆ, ಒಂದು ಹೋಟೆಲ್‌ಗೆ ಅವರೇ ಲೆಕ್ಕ ಇಟ್ಟು ಕಳಿಸ್ತಾರೆ, ಆ ದುಡ್ಡೂ ಅವರದೇ.

ಸಾಕಿರೋದು ಬಿವಿ 380, ಕಂದು ಮೊಟ್ಟೆ ಇಡುವ ತಳಿ. ಒಂದು ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತೆ, ಅಂದ್ರೆ 120 ಕೋಳಿಗೆ 13 ಕಿಲೋ. ಮನೆಯ ಮುಸುಕಿನ ಜೋಳ ಇದೆ, ರಾಗಿ ಇದೆ, ತಿಪಟೂರಲ್ಲಿ ಕೊಬ್ಬರಿ ಹಿಂಡಿಗೇನೂ ಬರ ಇಲ್ಲ. ನಾವೇ ಕಲಸಿಕೊಂಡ್ರೆ ಕಿಲೋಗೆ ಐದು ರೂಪಾಯಿ ಉಳಿಯುತ್ತೆ, ತಿಂಗಳಿಗೆ ಎರಡು ಸಾವಿರ ಅಂತ ಲೆಕ್ಕ ಹಾಕಿದ್ದೆ. ಒಳಗೆ ಏನಿದೆ ಅಂತ ನಮಗೇ ಗೊತ್ತಿರುತ್ತೆ ಅನ್ನೋದು ಇನ್ನೊಂದು ಕಾರಣ. ಲೆಕ್ಕ ಈಗಲೂ ಸರಿಯೇ. ತಪ್ಪಿದ್ದು ಬದಲಾಯಿಸಿದ ರೀತಿಯಲ್ಲಿ.

ಹತ್ತು ದಿನದ ಹಠ

ಮೊದಲ ದಿನ ಅಷ್ಟಿಷ್ಟು ಜೋಳದ ಚೂರು ಆರಿಸಿಕೊಂಡವು. ಎರಡನೇ ದಿನವೂ ಅಷ್ಟೆ. ಮೊಟ್ಟೆ 96 ಬರ್ತಿದ್ದದ್ದು ಮೂರನೇ ದಿನ 79. ಐದನೇ ದಿನ 58. ನಾನು ಇನ್ನೂ “ಅಭ್ಯಾಸ ಆಗ್ತಿದೆ” ಅಂತಲೇ ಇದ್ದೆ. ಎಂಟನೇ ದಿನ 41 ಮೊಟ್ಟೆ, ಅದರಲ್ಲಿ ಮೂರು ಚಿಪ್ಪೇ ಇಲ್ಲದ ತೊಗಲು ಮೊಟ್ಟೆ. ಕೋಳಿಗಳು ಒಂದರ ಬಾಲದ ಪುಕ್ಕ ಇನ್ನೊಂದು ಕೀಳೋಕೆ ಶುರು ಮಾಡಿದವು. ಒಂಬತ್ತನೇ ದಿನ ಒಂದು ಹೇಂಟೆಯನ್ನು ಹಿಂದಿನಿಂದ ಕುಕ್ಕಿ ಕುಕ್ಕಿ ಸಾಯಿಸಿದ್ದವು.

ಅವತ್ತು ಅತ್ತೆ ಬೈಯಲಿಲ್ಲ. ಹೋಟೆಲ್‌ನವರಿಗೆ ಫೋನ್ ಮಾಡಿ “ಈ ವಾರ ಬೇರೆ ಕಡೆ ತಗೊಳ್ಳಪ್ಪ” ಅಂದ್ರು. ಆಮೇಲೆ ನನ್ನ ಕಡೆ ತಿರುಗಿ “ಹೊಟ್ಟೆಗಿಲ್ದೆ ಇರೋ ಜೀವದ ಹತ್ರ ಹಠ ಮಾಡ್ಬಾರ್ದು ಕಣವ್ವ” ಅಂದ್ರು. ಬೈದಿದ್ರೇ ವಾಸಿ ಇತ್ತು.

ಹತ್ತನೇ ದಿನ ಹಳೇ ಫೀಡ್ ತಂದು ಹಾಕಿದೆ. ಮುಗಿಬಿದ್ದು ತಿಂದವು. ಆದರೆ ಮೊಟ್ಟೆ ತಕ್ಷಣ ಏರಲಿಲ್ಲ. ಇದು ಗೊತ್ತಿರಲಿ: ಒಂದು ಹಳದಿ ಭಂಡಾರ ಹೊಟ್ಟೆಯೊಳಗೆ ಪೂರ್ತಿ ಗಾತ್ರಕ್ಕೆ ಬೆಳೆಯೋಕೆ ಹೆಚ್ಚುಕಡಿಮೆ ಹತ್ತು ದಿನ ಬೇಕು. ಇವತ್ತು ಕೋಳಿ ಹಸಿದರೆ ಮುಂದಿನ ವಾರದ ಮೊಟ್ಟೆಗೂ ಪೆಟ್ಟು. ಜತೆಗೆ ಹಸಿವು ಜಾಸ್ತಿಯಾದ ಕೆಲವು ಹೇಂಟೆಗಳು ಗರಿ ಉದುರಿಸೋಕೆ ಶುರು ಮಾಡಿದವು. ಗರಿ ಉದುರಿಸುವ ಕೋಳಿ ಮೊಟ್ಟೆ ನಿಲ್ಲಿಸುತ್ತೆ, ಹೊಸ ಗರಿ ಬರೋವರೆಗೂ ಕಾಯಬೇಕು. ಮತ್ತೆ 90 ಮುಟ್ಟೋ ಹೊತ್ತಿಗೆ ಮೇ ತಿಂಗಳ ಕೊನೆ. ಒಟ್ಟು 1400 ಮೊಟ್ಟೆ ಹೋಯ್ತು, ಒಂದಕ್ಕೆ ಹತ್ತು ರೂಪಾಯಿ ಹಿಡಿದರೂ 14 ಸಾವಿರ. ಏಳು ತಿಂಗಳಲ್ಲಿ ಉಳಿಸಬೇಕು ಅಂದುಕೊಂಡಿದ್ದ ದುಡ್ಡು ಆರೇ ವಾರದಲ್ಲಿ ಕೈಬಿಟ್ಟಿತು.

ಆಮೇಲೆ ಕೂತು ಪಟ್ಟಿ ಮಾಡಿದಾಗ ನನ್ನ ತಪ್ಪು ಒಂದೆರಡಲ್ಲ. ರಾತ್ರೋರಾತ್ರಿ ಫೀಡ್ ಬದಲು. ಅದೂ 34 ವಾರದ, ಮೊಟ್ಟೆಯ ಭರದಲ್ಲಿದ್ದ ಹೇಂಟೆಗಳಿಗೆ. ಅದೂ ಏಪ್ರಿಲ್ ಬಿಸಿಲಲ್ಲಿ, ಕೋಳಿ ಸಹಜವಾಗೇ ಕಡಿಮೆ ತಿನ್ನೋ ಕಾಲ. ಅದೇ ದಿನ ಹಳೇ ಕೆಂಪು ಫೀಡರ್ ತೆಗೆದು ಪೈಪಿನಿಂದ ಮಾಡಿದ ಹೊಸ ಫೀಡರ್ ಬೇರೆ ಕಟ್ಟಿದ್ದೆ. ಸಾಲದು ಅಂತ, “ಸಾವಯವ ಅಲ್ವಾ” ಅಂತ ಬೇವಿನ ಸೊಪ್ಪಿನ ಪುಡಿಯನ್ನೂ ಎರಡು ಪರ್ಸೆಂಟ್ ಬೆರೆಸಿದ್ದೆ!

ಕೋಳಿ ರುಚಿ ನೋಡೋದು ಕಣ್ಣಲ್ಲಿ

ಕೋಳಿ ನಾಲಿಗೆಯಲ್ಲಿ, ಬಾಯಲ್ಲಿ ರುಚಿ ಗ್ರಂಥಿ ಇರೋದು ಕೆಲವೇ ನೂರು. ನಮಗೆ ಸಾವಿರಗಟ್ಟಲೆ. ಸಿಹಿ ಗುರುತಿಸೋಕೆ ಬೇಕಾದ ಜೀನ್ ಕೋಳಿಗೆ ಇಲ್ಲವೇ ಇಲ್ಲ. ಹಾಗಾಗಿ “ಫೀಡ್‌ಗೆ ಬೆಲ್ಲದ ನೀರು ಚಿಮುಕಿಸಿ, ಸಿಹಿ ಅಂತ ತಿಂತವೆ” ಅನ್ನೋ ಸಲಹೆ ವಾಟ್ಸಾಪ್‌ನಲ್ಲಿ ಬಂದ್ರೆ ನಂಬಬೇಡಿ. ಬೆಲ್ಲ ಹಾಕಿದಾಗ ತಿಂದ್ರೆ ಅದು ನೀರಿನಿಂದ ಪುಡಿ ಅಂಟಿಕೊಂಡು ಕಾಳಿನ ಹಾಗೆ ಆಗಿದ್ದಕ್ಕೆ ಇರಬೇಕು. ಆದರೆ ಕಹಿ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ನನ್ನ ಬೇವಿನ ಪುಡಿ ನೆನಪಿದೆಯಲ್ಲ.

ರುಚಿಗಿಂತ ಮೊದಲು ಅವು ನೋಡೋದು ಬಣ್ಣ, ಹೊಳಪು, ಕಾಳಿನ ಗಾತ್ರ. ಕೋಳಿ ಕಣ್ಣು ನಮಗಿಂತ ಹೆಚ್ಚು ಬಣ್ಣ ನೋಡುತ್ತೆ, ನಮಗೆ ಕಾಣದ ಅತಿನೇರಳೆ ಬೆಳಕೂ ಅದಕ್ಕೆ ಕಾಣುತ್ತೆ. ಎರಡು ಚೀಲದ ಫೀಡ್ ನಮಗೆ ಒಂದೇ ಥರ ಕಂಡರೂ ಅವಕ್ಕೆ ಬೇರೆ ಬೇರೆ ಇರಬಹುದು. ಆಮೇಲೆ ಕೊಕ್ಕಿನ ತುದಿಯಲ್ಲಿ ಮುಟ್ಟಿ ಗಟ್ಟಿಯೋ ಮೆತ್ತಗೋ ಅಂತ ತಿಳ್ಕೊಳ್ತವೆ. ಮರಿಯಿಂದ ಕ್ರಂಬಲ್ಸ್ ಒಂದನ್ನೇ ತಿಂದು ಬೆಳೆದ ಕೋಳಿಗೆ ಊಟ ಅಂದ್ರೆ ಕಂದು ಬಣ್ಣದ, ಒಂದೇ ಅಳತೆಯ ಗಟ್ಟಿ ಹರಳು. ನಾನು ಕೊಟ್ಟಿದ್ದು ಬಿಳಿಚಿದ ಹಿಟ್ಟು. ಅದನ್ನ ಅವು ತಿಂಡಿ ಅಂತಲೇ ಗುರುತಿಸಿರಲಿಲ್ಲ.

ನಾಟಿ, ಗಿರಿರಾಜ, ಸ್ವರ್ಣಧಾರ ಸಾಕಿ ಹಗಲೆಲ್ಲ ಹೊರಗೆ ಬಿಡೋರಿಗೆ ಇದು ಇಷ್ಟು ಕಾಡಲಿಕ್ಕಿಲ್ಲ. ಹುಳ, ಸೊಪ್ಪು, ಕಾಳು ಅಂತ ಹತ್ತು ಥರ ತಿಂದು ಬೆಳೆದ ಕೋಳಿ ಹೊಸದಕ್ಕೆ ಬಾಯಿ ಹಾಕೋಕೆ ಅಷ್ಟು ಹೆದರಲ್ಲ.

ಫೋನ್ ಇಟ್ಟು ಬಂದೆ

ಮೇ ತಿಂಗಳಲ್ಲಿ ಹಳೇ ಫೀಡ್ ನಡೀತಿದ್ದಾಗಲೇ ಒಂದು ಸಣ್ಣ ಪರೀಕ್ಷೆ ಮಾಡಿದೆ. ಒಂದು ಅಗಲ ತಟ್ಟೆಯಲ್ಲಿ ಹೊಸ ಫೀಡ್ ಅರ್ಧ ಕಿಲೋ ಇಟ್ಟು, ಎದುರಿನ ಕಂಬಕ್ಕೆ ಫೋನ್ ಕಟ್ಟಿ, ವಿಡಿಯೋ ಆನ್ ಮಾಡಿ, ಅಲ್ಲಿಂದ ಬಂದುಬಿಟ್ಟೆ. ನಾವು ನಿಂತಿದ್ರೆ ಕೋಳಿ ನಮ್ಮ ಕೈ ನೋಡ್ತಾ ಇರುತ್ತೆ, ನಿಜ ಗೊತ್ತಾಗಲ್ಲ. ಇಪ್ಪತ್ತು ನಿಮಿಷದ ಆ ವಿಡಿಯೋದಲ್ಲಿ ನಾನು ಕಲಿತಷ್ಟು ಹತ್ತು ದಿನದ ಹಠದಲ್ಲಿ ಕಲಿಯಲಿಲ್ಲ.

ಮೊದಲು ಬಂದವು ಜೋಳದ ಚೂರನ್ನಷ್ಟೇ ಆರಿಸಿದವು. ಆಮೇಲೆ ಬಂದವಕ್ಕೆ ಉಳಿದಿದ್ದು ಪುಡಿ. ಅದನ್ನ ಕುಕ್ಕಿದಾಗ ಕೊಕ್ಕಿನ ಒಳಗೆಲ್ಲ ಮೆತ್ತಿಕೊಂಡು, ತಲೆ ಒದರಿ, ನೀರಿಗೆ ಹೋಗಿ ಕೊಕ್ಕು ಅದ್ದಿ ತೊಳ್ಕೊಂಡವು. ನೀರಿನ ತಳದಲ್ಲಿ ಬಿಳಿ ಗಸಿ. ನನ್ನ ಲೆಕ್ಕದ ಸೋಯಾ ಹಿಂಡಿ, ಲವಣ ಮಿಶ್ರಣ ಎಲ್ಲ ಆ ಗಸಿಯಲ್ಲಿ ಇತ್ತು. ಜೋಳದಲ್ಲಿ ಪ್ರೋಟೀನ್ ಶೇಕಡ 9ರ ಆಸುಪಾಸು, ಮೊಟ್ಟೆ ಇಡೋ ಹೇಂಟೆಗೆ ಬೇಕಾಗಿರೋದು 16ರಿಂದ 18. ಅಂದ್ರೆ ಆ ಹತ್ತು ದಿನ ತಿಂದ ಕೋಳಿಗೂ ಸರಿಯಾದ ಊಟ ಸಿಕ್ಕಿರಲಿಲ್ಲ. ಪುಕ್ಕ ಕೀಳೋದಕ್ಕೆ ಪ್ರೋಟೀನ್, ಉಪ್ಪಿನ ಕೊರತೆಯೂ ಒಂದು ಕಾರಣ ಅಂತ ಆಮೇಲೆ ಪಶುವೈದ್ಯರು ಹೇಳಿದ್ರು.

ಹಿಟ್ಟಿನ ಮಿಲ್‌ನವರು ರಾಗಿ ಬೀಸುವ ಹಾಗೆ ನುಣ್ಣಗೆ ಬೀಸಿ ಕೊಟ್ಟಿದ್ರು. ನಾನು “ನುಣ್ಣಗಿದ್ರೆ ಜೀರ್ಣ ಆಗುತ್ತೆ” ಅಂತ ಖುಷಿಪಟ್ಟಿದ್ದೆ. ಕೋಳಿಗೆ ಹಲ್ಲಿಲ್ಲದಿದ್ದರೂ ಹೊಟ್ಟೆಯಲ್ಲಿ ಕಲ್ಲಿನ ಹರಳು ಇಟ್ಕೊಂಡು ತಾನೇ ಅರೆದುಕೊಳ್ಳುತ್ತೆ, ನಾವು ಬೀಸಿಕೊಡೋ ಅಗತ್ಯ ಇಲ್ಲ.

ಹಾಗಾಗಿ ನಿಮ್ಮ ಕೋಳಿ ಹೊಸ ಫೀಡ್ ಬಿಡ್ತಿದ್ರೆ ಮೊದಲು ಸಂಜೆ ಫೀಡರ್ ತಳ ನೋಡಿ. ಪುಡಿ ಉಳಿದಿದೆಯಾ? ಬೀಸಿದ್ದು ಹೆಚ್ಚಾಗಿದೆ. ಒಂದು ನಿರ್ದಿಷ್ಟ ಚೂರು ಮಾತ್ರ ಉಳಿದಿದೆಯಾ? ಆ ಸಾಮಾನು ಅವಕ್ಕೆ ಹೊಸದು, ಇಲ್ಲವೇ ಅದು ಕೆಟ್ಟಿದೆ. ಕಾಳು, ಪುಡಿ ಎಲ್ಲ ಹಾಕಿದ ಹಾಗೇ ಇದೆಯಾ? ಆಗ ಫೀಡ್ ಹಾಗಿರಲಿ, ಫೀಡರ್, ನೀರು, ಜಾಗ ನೋಡಿ. ನೀರು ಬಿಸಿಯಾಗಿದ್ರೂ ಕೋಳಿ ತಿನ್ನೋದು ಬಿಡುತ್ತೆ. ತಿಂದ ತೂಕದ ಎರಡರಷ್ಟು ನೀರು ಕುಡಿಯೋ ಪ್ರಾಣಿ ಅದು.

ಜೂನ್‌ನಲ್ಲಿ ಎರಡನೇ ಸಲ

ಮಳೆ ಬಿದ್ದು ತಂಪಾದ ಮೇಲೆ ಮತ್ತೆ ಶುರು ಮಾಡಿದೆ. ಈ ಸಲ ಮೊದಲು ಮಿಲ್‌ಗೆ ಹೋಗಿ ಜರಡಿ ಬದಲಾಯಿಸಿಸಿದೆ. ಜೋಳ ನುಚ್ಚಿನ ಹಾಗೆ ಒಡೆದಿರಬೇಕು, ಒಂದು ಕಾಳು ನಾಲ್ಕೈದು ಚೂರಾದ್ರೆ ಸಾಕು. ರಾಗಿ ಬೀಸಲೇ ಇಲ್ಲ, ಹಾಗೇ ಹಾಕಿದೆ. ಸೋಯಾ ಹಿಂಡಿ, ಕಡಲೆಕಾಯಿ ಹಿಂಡಿಯನ್ನೂ ಜೋಳದಷ್ಟೇ ದಪ್ಪಗೆ ಒಡೆಸಿದೆ, ಆರಿಸೋಕೆ ಆಗದ ಹಾಗೆ.

ತೂಕ ಕೇಳೋರಿಗೆ: 100 ಕಿಲೋಗೆ ಮುಸುಕಿನ ಜೋಳ 45, ರಾಗಿ 8, ಎಣ್ಣೆ ತೆಗೆದ ಸೋಯಾ ಹಿಂಡಿ 16, ಕಡಲೆಕಾಯಿ ಹಿಂಡಿ 6, ಕೊಬ್ಬರಿ ಹಿಂಡಿ 6, ಅಕ್ಕಿ ಪಾಲಿಶ್ ತೌಡು 8, ಸುಣ್ಣಕಲ್ಲು ಮತ್ತು ಕಪ್ಪೆಚಿಪ್ಪಿನ ಚೂರು ಸೇರಿ ಎಂಟೂವರೆ, ಡಿಸಿಪಿ 1.2, ಉಪ್ಪು 300 ಗ್ರಾಂ, ಮಿಕ್ಕ ಒಂದು ಕಿಲೋ ಮೆಥಿಯೊನಿನ್ ಇರುವ ಲೇಯರ್ ಪ್ರೀಮಿಕ್ಸ್. ಪ್ರೋಟೀನ್ ಶೇಕಡ 16ಕ್ಕೆ ಸ್ವಲ್ಪ ಮೇಲೆ, ಕ್ಯಾಲ್ಸಿಯಂ ಮೂರೂವರೆ ದಾಟುತ್ತೆ. ಕೊಬ್ಬರಿ ಹಿಂಡಿ ನಮ್ಮೂರಲ್ಲಿ ಸಿಗುತ್ತೆ ಅಂತ ಜಾಸ್ತಿ ಹಾಕಬೇಡಿ. ನಾರು ಹೆಚ್ಚು, ಲೈಸಿನ್ ಕಮ್ಮಿ, ಕೋಳಿ ಹೊಟ್ಟೆ ಬೇಗ ತುಂಬಿಬಿಡುತ್ತೆ. ಹಸಿ ಸೋಯಾ ಕಾಳು ಹಾಕಲೇಬೇಡಿ, ಹುರಿಯದ ಸೋಯಾ ಪ್ರೋಟೀನ್ ಜೀರ್ಣ ಆಗೋದನ್ನೇ ತಡೆಯುತ್ತೆ. ನೀವು ಬೇರೆ ಸಾಮಾನು ಹಾಕೋದಾದ್ರೆ ನಿಮ್ಮ ಪಶುವೈದ್ಯರಿಗೆ ಪಟ್ಟಿ ತೋರಿಸಿ. ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಕೋಳಿ ಸಾಕಣೆ ತರಬೇತಿ ಕೊಡ್ತಾರೆ. ನಾನು ಏಪ್ರಿಲ್‌ಗೆ ಮೊದಲೇ ಹೋಗಬೇಕಿತ್ತು.

“ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಚಿಪ್ಪಿನ ಪುಡಿ ಯಾಕೆ” ಅಂತ ಒಬ್ಬ ಹುಡುಗ ಕೇಳಿದ್ದ. ನೂರು ಗ್ರಾಂ ರಾಗಿಯಲ್ಲಿ ಇರೋದು ಸುಮಾರು 350 ಮಿಲಿಗ್ರಾಂ. ಒಂದು ಮೊಟ್ಟೆ ಚಿಪ್ಪಿಗೇ 2 ಗ್ರಾಂ ಕ್ಯಾಲ್ಸಿಯಂ ಬೇಕು, ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುತ್ತೆ ಅಂದ್ರೆ ದಿನಕ್ಕೆ 4 ಗ್ರಾಂ ಕೊಡಬೇಕು. ರಾಗಿ ನಮಗೆ ಆಯ್ತು, ಹೇಂಟೆಗೆ ಸಾಲದು. ಚಿಪ್ಪು ಗಟ್ಟಿಯಾಗೋ ಕೆಲಸ ಬಹುಪಾಲು ರಾತ್ರಿ ನಡೆಯುತ್ತೆ, ಅದಕ್ಕೆ ದಪ್ಪ ಚಿಪ್ಪಿನ ಚೂರನ್ನ ಒಂದು ಬಟ್ಟಲಲ್ಲಿ ಸಂಜೆ ಬೇರೆಯೇ ಇಡ್ತೀನಿ.

ಇನ್ನು ಬೆರೆಸೋ ಕ್ರಮ. ಮೊದಲ ನಾಲ್ಕು ದಿನ ಹಳೇದು ಮುಕ್ಕಾಲು, ಹೊಸದು ಕಾಲು. ಮುಂದಿನ ನಾಲ್ಕು ದಿನ ಅರ್ಧ ಅರ್ಧ. ಆಮೇಲೆ ನಾಲ್ಕು ದಿನ ಹೊಸದು ಮುಕ್ಕಾಲು. ಹದಿಮೂರನೇ ದಿನ ಪೂರ್ತಿ. ವಾರದಲ್ಲೇ ಮುಗಿಸೋರೂ ಇದ್ದಾರೆ. ನನ್ನ ಕೋಳಿಗಳಿಗೆ ಒಂದು ಸಲ ಪೆಟ್ಟು ಬಿದ್ದಿತ್ತು, ಆತುರ ಮಾಡಲಿಲ್ಲ. ಯಾವ ಹಂತದಲ್ಲಾದರೂ ಮಿಕ್ಕಿದ್ದು ಜಾಸ್ತಿಯಾದ್ರೆ ಮುಂದಿನ ಹಂತಕ್ಕೆ ಹೋಗದೆ ಅಲ್ಲೇ ಇನ್ನೆರಡು ದಿನ ನಿಂತೆ. ಅರ್ಧ ಅರ್ಧದ ಹಂತದಲ್ಲಿ ಹೀಗೇ ಆಯ್ತು, ಒಟ್ಟು 15 ದಿನ ಹಿಡೀತು. ಫೀಡರ್ ಮಾತ್ರ ಹಳೇ ಕೆಂಪು ಫೀಡರ್‌ಗಳೇ. ಪೈಪು ಇವತ್ತಿಗೂ ಶೆಡ್ ಹಿಂದೆ ಬಿದ್ದಿದೆ.

ಬೆಳಗ್ಗೆ ಹಾಕೋ ಫೀಡ್‌ಗೆ ಸ್ವಲ್ಪ ನೀರು ಚಿಮುಕಿಸಿ ಕಲಸ್ತಿದ್ದೆ. ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ಕಟ್ಟಬೇಕು, ಬಿಟ್ರೆ ಉದುರಬೇಕು, ಅಷ್ಟೇ ತೇವ. ಪುಡಿಯೆಲ್ಲ ಚೂರಿಗೆ ಅಂಟಿಕೊಳ್ಳುತ್ತೆ, ಆರಿಸೋಕೆ ಆಗಲ್ಲ. ಆದರೆ ಗಂಟೆ, ಗಂಟೂವರೆ ಒಳಗೆ ಖಾಲಿಯಾಗುವಷ್ಟು ಮಾತ್ರ ಕಲಸಿ. ತೇವದ ಫೀಡ್ ನಮ್ಮ ಸೆಖೆಯಲ್ಲಿ ಮಧ್ಯಾಹ್ನಕ್ಕೇ ಹುಳಿ ವಾಸನೆ ಬರುತ್ತೆ, ಮಾರನೇ ದಿನಕ್ಕೆ ಬೂಷ್ಟು. ಮಿಕ್ಕಿದ್ದನ್ನ ಕೆರೆದು ತೆಗೆದು ಫೀಡರ್ ಒರೆಸಬೇಕು. ಇದು ಬೇಜಾರಿನ ಕೆಲಸವೇ, ಆದ್ರೆ ಎರಡು ವಾರದ ಮಟ್ಟಿಗೆ ತಾನೆ. ಪೂರ್ತಿ ಒಗ್ಗಿದ ಮೇಲೆ ಒಣಗಿದ್ದನ್ನೇ ಹಾಕ್ತೀನಿ.

ನಡುವೆ ಇನ್ನೊಂದು ಗುಟ್ಟು ರಟ್ಟಾಯ್ತು. ಮೂರನೇ ದಿನ ಎಷ್ಟು ಹಾಕಿದ್ರೂ ಎರಡು ಕಿಲೋ ಮಿಗ್ತಿತ್ತು. ನೋಡಿದ್ರೆ ಹನ್ನೊಂದು ಗಂಟೆಗೆ ನಮ್ಮ ಮಾವ, “ಪಾಪ ಹಸಿದಿರ್ತವೆ” ಅಂತ ನುಚ್ಚಕ್ಕಿ ತಂದು ಹರಡ್ತಿದ್ರು. ಹನ್ನೊಂದಕ್ಕೆ ಅಕ್ಕಿ ಬರುತ್ತೆ ಅಂತ ಗೊತ್ತಿರೋ ಕೋಳಿ ಬೆಳಗ್ಗೆ ಹಿಂಡಿ ಯಾಕೆ ತಿನ್ನುತ್ತೆ? ಮಾವನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅತ್ತೆಯೇ ನುಚ್ಚಿನ ಡಬ್ಬ ಒಳಗಿಟ್ಟು ಬೀಗ ಹಾಕಿದ್ರು. ಮನೆಯಲ್ಲಿ ಅನ್ನ, ಮುದ್ದೆ, ಇಡ್ಲಿ ಚೂರು ಹಾಕೋ ಕೈಗಳು ಎಷ್ಟಿವೆ ಅಂತ ಒಂದು ಸಲ ಎಣಿಸಿ ನೋಡಿ. ಸೊಪ್ಪು, ಅಜೋಲಾ ನಾನು ನಿಲ್ಲಿಸಲಿಲ್ಲ, ಮಧ್ಯಾಹ್ನ ಮೂರರ ಮೇಲೆ ಕೊಟ್ಟೆ.

ಅತ್ತೆಯದೂ ಒಂದು ಉಪಾಯ ಇತ್ತು, ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಗುಂಪಿನಲ್ಲಿ ಕಾಲು ಗಿಡ್ಡ ಇರೋ ಒಂದು ಧೈರ್ಯದ ಹೇಂಟೆ ಇದೆ, ಹೆಸರು ಕುಳ್ಳಿ. ಎಲ್ಲಿ ಹೋದ್ರೂ ಅತ್ತೆ ಹಿಂದೆ. ಅವರು ತಟ್ಟೆಯಲ್ಲಿ ಹೊಸ ಫೀಡ್ ಇಟ್ಕೊಂಡು ಕುಕ್ಕರಗಾಲಲ್ಲಿ ಕೂತು, ಬೆರಳಿನ ಉಗುರಲ್ಲಿ ಟಕ ಟಕ ಅಂತ ತಟ್ಟೆ ಕುಟ್ಟಿ, “ಬಾ ಬಾ ಬಾ” ಅಂತ ಕರೆದ್ರು. ತಾಯಿಕೋಳಿ ಮರಿಗೆ ಕಾಳು ತೋರಿಸೋದೂ ಹಾಗೇ ತಾನೇ. ಕುಳ್ಳಿ ತಿಂದಳು. ಐದು ನಿಮಿಷದಲ್ಲಿ ಸುತ್ತ ಹತ್ತು ಕೋಳಿ. ಒಂದು ಕುಕ್ಕೋದನ್ನ ನೋಡಿ ಇನ್ನೊಂದು ಕುಕ್ಕೋದು ಕೋಳಿಯ ಸ್ವಭಾವ, ಅದನ್ನೇ ಬಳಸ್ಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆದ ಮೊದಲ ಅರ್ಧ ಗಂಟೆ ಇದಕ್ಕೆ ಒಳ್ಳೇ ಸಮಯ. ಹಾಗಂತ ರಾತ್ರಿ ಹಸಿವಿನ ಮೇಲೆ ಹಗಲೂ ಹಸಿವು ಸೇರಿಸಬೇಡಿ, ಅರ್ಧ ಗಂಟೆ ಆದ ಮೇಲೆ ಮಿಶ್ರಣ ಹಾಕಿಬಿಡಿ.

ದಿನಾ ಸಂಜೆ ಕತ್ತಲಾದ ಮೇಲೆ ಏಳೆಂಟು ಕೋಳಿಗಳ ಎದೆಯ ಮೇಲ್ಭಾಗ, ಕುತ್ತಿಗೆ ಬುಡದ ಬಲಗಡೆ ಮುಟ್ಟಿ ನೋಡ್ತಿದ್ದೆ. ತಿಂದ ಮೇವು ಮೊದಲು ತುಂಬಿಕೊಳ್ಳೋ ಚೀಲ ಅಲ್ಲಿದೆ. ಹೊಟ್ಟೆ ತುಂಬಿದ ಕೋಳಿಗೆ ಅದು ನಿಂಬೆಹಣ್ಣಿಗಿಂತ ದಪ್ಪಗೆ ಸಿಗುತ್ತೆ. ಚಪ್ಪಟೆ ಇದ್ರೆ ಆ ಕೋಳಿ ಹಸಿದು ಮಲಗಿದೆ ಅಂತ. ಗುಂಪಿನಲ್ಲಿ ಮಿಕ್ಕಿದ್ದು ಕಡಿಮೆ ಕಂಡ್ರೂ ಜಬರ್ದಸ್ತ್ ಕೋಳಿಗಳೇ ಎಲ್ಲ ತಿಂದು, ಕೆಳಗಿನವು ಉಪವಾಸ ಇರಬಹುದು. ನನಗೆ ಹಾಗೆ ಆರು ಸಿಕ್ಕವು. ಮೂಲೆಯಲ್ಲಿ ಇನ್ನೊಂದು ಫೀಡರ್ ಇಟ್ಟ ಮೇಲೆ ಸರಿಹೋಯ್ತು.

ಈ ಸಲ ಮೊಟ್ಟೆ 92ರಿಂದ ಇಳಿದಿದ್ದು 85ಕ್ಕೆ ಮಾತ್ರ. ಜೂನ್ ಮುಗಿಯೋ ಹೊತ್ತಿಗೆ ಮತ್ತೆ 91.

ಕೋಳಿ ಬೇಡ ಅಂದಿದ್ದು ಸರಿಯಾಗಿತ್ತು

ಜುಲೈ ಮೂರನೇ ವಾರ. ತಿಂಗಳಿಂದ ಚೆನ್ನಾಗಿ ತಿಂತಿದ್ದ ಕೋಳಿಗಳು ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಮುಖ ತಿರುಗಿಸಿದವು. ನನಗೆ ಕೋಪ ಬಂತು, ಮತ್ತೆ ಶುರುವಾಯ್ತಲ್ಲ ನಖರಾ ಅಂತ. ಕುಳ್ಳಿ ಕೂಡ ಹತ್ತಿರ ಬರಲಿಲ್ಲ.

ಅತ್ತೆ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದ್ರು. “ಇದು ಮುಗ್ಗಲು ಕಣವ್ವ.”

ಹಿಂದಿನ ದಿನ ಕಲಸಿದ ಹೊಸ ಲಾಟ್. ಕೊಬ್ಬರಿ ಹಿಂಡಿ ಮಳೆಯಲ್ಲಿ ತೇವ ಕುಡಿದ ಚೀಲದಿಂದ ಬಂದಿತ್ತು. ಚೀಲದ ನಡುವಿನ ಗಟ್ಟಿ ಒಡೆದ್ರೆ ಒಳಗೆ ಹಸಿರು ಬೂದಿ ಬೂಷ್ಟು. ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ತೋರಿಸಿದೆ. ಡಾಕ್ಟ್ರು ನೋಡಿದವರೇ ಎಲ್ಲ ಹೂಳಿಬಿಡಿ ಅಂದ್ರು. ಇಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಕೋಳಿಯ ಈಲಿಯನ್ನು ಹಾಳು ಮಾಡುತ್ತೆ. ಬಿಸಿಲಿಗೆ ಹಾಕಿದ್ರೂ, ಕುದಿಸಿದ್ರೂ ಹೋಗಲ್ಲ. “ಕೋಳಿಗೆ ಬೇಡ ಅಂತ ಹಸುಗೆ ಹಾಕ್ಬಿಡ್ಬೇಡಿ, ಹಾಲಲ್ಲಿ ಬರುತ್ತೆ” ಅಂದ್ರು. ನಿಜ ಹೇಳ್ತೀನಿ, ದಾರಿಯಲ್ಲಿ ಹೋಗ್ತಾ ನಾನು ಅದೇ ಯೋಚನೆ ಮಾಡಿದ್ದೆ. ಮನೇಲಿ ನಾಲ್ಕು ವರ್ಷದ ಮಗಳು ಆ ಹಸುವಿನ ಹಾಲೇ ಕುಡಿಯೋದು.

ಕಲಸಿದ ಒಂದೂವರೆ ಕ್ವಿಂಟಾಲ್, ಮಿಕ್ಕ ಹಿಂಡಿ ಎಲ್ಲ ಗುಂಡಿಗೆ ಹೋಯ್ತು. ನಾಲ್ಕು ಸಾವಿರದ ಮೇಲೆ ನಷ್ಟ. ಅಂಗಡಿ ಕ್ರಂಬಲ್ಸ್ ಒಂದೆರಡು ಚೀಲ ಯಾವಾಗಲೂ ಇಟ್ಟಿರ್ತೀನಿ, ಅವತ್ತು ಅದೇ ಕಾಪಾಡ್ತು. ಮೊದಲಿನ ನಾನಾಗಿದ್ರೆ “ಹಸಿವಾದ್ರೆ ತಿಂತವೆ” ಅಂತ ಹೇಳಿ ತಿನ್ನಿಸಿಯೇ ಬಿಡ್ತಿದ್ದೆ. ಆ ಮಾತು ನೆನೆಸ್ಕೊಂಡ್ರೆ ಈಗಲೂ ಮೈ ಜುಂ ಅನ್ನುತ್ತೆ.

ಹಾಗಂತ ಕೋಳಿ ತಿಂದಿದ್ದೆಲ್ಲ ಒಳ್ಳೇದು ಅಂತಲ್ಲ. ಆ ವಿಷಕ್ಕೆ ಬಣ್ಣ, ವಾಸನೆ ಏನೂ ಇಲ್ಲ. ನಮ್ಮ ಕೋಳಿಗಳು ಹಿಂದೆ ಸರಿದಿದ್ದು ಬೂಷ್ಟಿನ, ಮುಗ್ಗಲು ಎಣ್ಣೆಯ ವಾಸನೆಗೋ ಬಣ್ಣಕ್ಕೋ ಇರಬೇಕು. ಅದಿಲ್ಲದೆಯೂ ವಿಷ ಇರಬಹುದು, ಕಡಲೆಕಾಯಿ ಹಿಂಡಿ, ಜೋಳದಲ್ಲಂತೂ ಹುಷಾರು. ಈಗ ಹಿಂಡಿಯನ್ನ ಚೀಲದ ಲೆಕ್ಕದಲ್ಲಿ ತರಲ್ಲ, ಹದಿನೈದು ದಿನಕ್ಕಾಗುವಷ್ಟೇ ತರ್ತೀನಿ, ಗಟ್ಟಿ ಒಡೆದು ಒಳಗೆ ನೋಡಿಯೇ ತೂಕ ಹಾಕಿಸ್ತೀನಿ. ಜೋಳ ಹಲ್ಲಲ್ಲಿ ಕಚ್ಚಿದ್ರೆ ಕಟ್ ಅಂತ ಮುರಿಯಬೇಕು. ಚೀಲಗಳು ನೆಲ, ಗೋಡೆ ಬಿಟ್ಟು ಮರದ ಹಲಗೆ ಮೇಲೆ. ಅಕ್ಕಿ ತೌಡಿನಲ್ಲಿ ಎಣ್ಣೆ ಇರೋದ್ರಿಂದ ಬೇಗ ಕಮಟು ಹಿಡಿಯುತ್ತೆ, ಅದನ್ನ ಎಲ್ಲಕ್ಕಿಂತ ಕಡಿಮೆ ತಗೋತೀನಿ. ಕಲಸೋದೂ ಹತ್ತು ದಿನಕ್ಕೆ ಆಗುವಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮನೆ ಫೀಡ್ ಹಾಕಿದ ತಕ್ಷಣ “ಆರ್ಗಾನಿಕ್ ಮೊಟ್ಟೆ” ಅಂತ ಬೋರ್ಡ್ ಹಾಕೋರಿದ್ದಾರೆ. ನನ್ನ ಸೋಯಾ ಹಿಂಡಿ ಮಾರ್ಕೆಟ್‌ನಿಂದ ಬರುತ್ತೆ, ಪ್ರೀಮಿಕ್ಸ್ ಅಂಗಡಿಯದು. ಅದಕ್ಕೇ ನಮ್ಮ ಟ್ರೇ ಮೇಲೆ “ತೋಟದ ಮೊಟ್ಟೆ” ಅಂತಷ್ಟೇ ಇದೆ. ಹೋಟೆಲ್‌ನವರು ಆಗಸ್ಟ್‌ನಲ್ಲಿ ವಾಪಸ್ ಬಂದ್ರು. 22 ಮನೆಯಲ್ಲಿ ಮೂರು ಬರಲೇ ಇಲ್ಲ.

ಈಗ ಹೊಸ ಜೋಳ ಬಂದಿದೆ

ಈ ವಾರ ಹೊಲದಿಂದ ಹೊಸ ಜೋಳ ಬಂತು. ಚೆನ್ನಾಗಿ ಒಣಗಿಸಿಯೇ ಮಿಲ್‌ಗೆ ಹಾಕಿದ್ದು. ಬಣ್ಣ ಹಳೇದಕ್ಕಿಂತ ಕೆಂಪು ಹಳದಿ, ಕಾಳು ದಪ್ಪ. ಫಾರ್ಮುಲಾ ಅದೇ ಆದ್ರೂ ಕೋಳಿ ಕಣ್ಣಿಗೆ ಇದೂ ಹೊಸ ಫೀಡೇ. ಹಳೇ ಲಾಟ್ ಎತ್ತಿಟ್ಟಿದ್ದೆ, ಅದರ ಜತೆ ಬೆರೆಸ್ತಾ ಇದ್ದೀನಿ. ಫೋನ್‌ನಲ್ಲಿ ದಿನಾ ಸಂಜೆ ಫೀಡರ್ ತಳದ ಒಂದು ಫೋಟೋ, ಜತೆಗೆ ಎರಡು ನಂಬರ್: ಮಿಕ್ಕಿದ್ದು ಎಷ್ಟು, ಮೊಟ್ಟೆ ಎಷ್ಟು. ಉಳಿದಿರೋ ಹೇಂಟೆ 117, ವಯಸ್ಸು 60 ವಾರ ದಾಟಿದೆ. ಮೊದಲನೇ ದಿನ ಮಿಕ್ಕಿದ್ದು ಒಂದೂಕಾಲು ಕಿಲೋ, ಮೊಟ್ಟೆ 86. ನಿನ್ನೆ 900 ಗ್ರಾಂ, 84. ಇವತ್ತು ಮೂರನೇ ದಿನ, 600 ಗ್ರಾಂ, 85. ನಾಳೆ ಸಂಜೆವರೆಗೂ ಕಾಲು ಭಾಗದಲ್ಲೇ ನಿಲ್ಲಿಸ್ತೀನಿ. ಮಿಕ್ಕಿದ್ದು ಅರ್ಧ ಕಿಲೋಗಿಂತ ಕಡಿಮೆಯಾದ್ರೆ ನಾಡಿದ್ದು ಅರ್ಧ ಅರ್ಧ.